ಕೊನೆಯ ಬಸ್ಸಿನಿಂದ ಆರಂಭ: ಕುಂತಿ ಬೆಟ್ಟದ ಚಾರಣ ಯೋಜನೆ – ಒಂದು ಪಾಠ, ಮೂರು ಶಾಲೆ

ಪಾಠದ ಹಿನ್ನೆಲೆ

ಇಂಟರ್ನ್‌ಶಿಪ್‌ನ ಎರಡನೆಯ ವಾರದಲ್ಲಿ ನಮ್ಮ ಮೂವರು ಪ್ರಶಿಕ್ಷಣಾರ್ಥಿಗಳ ಗುಂಪಿಗೆ ಒಂದು ಕೆಲಸ ಒಪ್ಪಿಸಲಾಯಿತು. ಒಂದೇ ಪಾಠವನ್ನು ಮೂರು ಶಾಲೆಗಳಲ್ಲಿ ಕಲಿಸಬೇಕು. ಒಬ್ಬರು ಕಲಿಸುವಾಗ ಉಳಿದಿಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳನ್ನು ಗಮನಿಸಬೇಕು. ಪ್ರತಿ ಸಲವೂ ಪಾಠವನ್ನು ತಿದ್ದಿ ಮುಂದಿನ ಶಾಲೆಗೆ ಒಯ್ಯಬೇಕು. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ‘ಪಾಠ ಅಧ್ಯಯನ’ದ ಕ್ರಮ ಇದು. ನಮಗೆ ದೊರೆತ ಶಾಲೆಗಳು ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಪಟ್ಟಣಗಳಲ್ಲಿದ್ದವು. ತರಗತಿ ಒಂಬತ್ತು, ವಿಷಯ ಸಮಾಜ ವಿಜ್ಞಾನ. ಮೊದಲನೆಯ ಮತ್ತು ಮೂರನೆಯ ಪಾಠ ನನ್ನದು, ಮದ್ದೂರಿನ ಪಾಠ ನನ್ನ ಸಹಪಾಠಿ ಗೆಳತಿಯದು.

ಪಾಠದ ವಿಷಯವನ್ನು ಸೂಚಿಸಿದವಳು ನಾನು: ಬಸ್ಸು, ರೈಲಿನಲ್ಲೇ ಹೋಗಿ ಪಾಂಡವಪುರದ ಕುಂತಿ ಬೆಟ್ಟ ಹತ್ತಿ, ಅದೇ ದಿನ ಮನೆಗೆ ಮರಳುವ ಚಾರಣವನ್ನು ಮಕ್ಕಳೇ ಯೋಜಿಸುವುದು. ನಕ್ಷೆ ಓದುವಿಕೆ, ಸಾರಿಗೆ, ವೇಳೆಯ ಲೆಕ್ಕ, ಸ್ಥಳೀಯ ಇತಿಹಾಸ ಎಲ್ಲವೂ ಒಂದೇ ಚಟುವಟಿಕೆಯಲ್ಲಿ ಸೇರುತ್ತವೆ ಎಂಬುದು ನನ್ನ ಸಮರ್ಥನೆ. ಇನ್ನೊಂದು ಕಾರಣವನ್ನು ನಾನು ಪಾಠಟಿಪ್ಪಣಿಯಲ್ಲಿ ಬರೆದಿರಲಿಲ್ಲ. ಮದ್ದೂರಿನಿಂದ ಮಂಡ್ಯಕ್ಕೆ ದಿನವೂ ರೈಲಿನಲ್ಲಿ ಓಡಾಡುವ ನನಗೆ, ವೇಳಾಪಟ್ಟಿಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಭರವಸೆ ಇತ್ತು. ಆ ಭರವಸೆ ಮೂರನೆಯ ಶಾಲೆಯಲ್ಲಿ ಉಳಿಯಲಿಲ್ಲ. ಅದು ಹೇಗಾಯಿತು, ಅದರಿಂದ ಪಾಠ ಎಲ್ಲಿ ಬದಲಾಯಿತು ಎಂಬುದೇ ಈ ಲೇಖನದ ವಸ್ತು.

ಕುಂತಿ ಬೆಟ್ಟವೇ ಏಕೆ?

ಮಂಡ್ಯ ಜಿಲ್ಲೆ ಎಂದೊಡನೆ ನೆನಪಾಗುವುದು ನಾಲೆ, ಕಬ್ಬು, ಭತ್ತದ ಗದ್ದೆ. ‘ಬೆಟ್ಟ ನೋಡಬೇಕಾದರೆ ಎಲ್ಲಿಗೆ ಹೋಗಬೇಕು?’ ಎಂದು ಕೇಳಿದರೆ ನಮ್ಮ ಮಕ್ಕಳು ಕೊಡಗು, ಚಿಕ್ಕಮಗಳೂರು ಎನ್ನುತ್ತಾರೆ. ಆದರೆ ಜಿಲ್ಲೆಯೊಳಗೇ ಮೇಲುಕೋಟೆ ಇದೆ, ಶ್ರೀರಂಗಪಟ್ಟಣದ ಬಳಿ ಕರಿಘಟ್ಟವಿದೆ, ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿ ಇದೆ. ಈ ಮೂರು ಕಡೆಯೂ ದೇವರ ದರ್ಶನಕ್ಕೆಂದು ಮೆಟ್ಟಿಲು ಕಟ್ಟಿದ್ದಾರೆ. ಕುಂತಿ ಬೆಟ್ಟದಲ್ಲಿ ಮೇಲಕ್ಕೆ ಹೋದಂತೆ ಬಂಡೆಗಳ ನಡುವೆ ದಾರಿ ನೋಡಿಕೊಂಡು ಹತ್ತಬೇಕು. ಚಾರಣ ಎಂಬ ಮಾತಿಗೆ ಅದು ಹೆಚ್ಚು ಹೊಂದುತ್ತದೆ. ಮೇಲಾಗಿ ಪಾಂಡವಪುರಕ್ಕೆ ಬಸ್ಸೂ ಉಂಟು, ಅದರ ಹೆಸರಿನ ರೈಲು ನಿಲ್ದಾಣವೂ ಉಂಟು. ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ಅಲ್ಲಿ ಅವಕಾಶವಿದೆ.

ಇತಿಹಾಸಕ್ಕೂ ಅಲ್ಲಿ ಎಡೆಯಿದೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಕಾಲದಲ್ಲಿ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂತು. ಪಾಂಡವರು ತಾಯಿ ಕುಂತಿಯೊಂದಿಗೆ ಈ ಬೆಟ್ಟದಲ್ಲಿ ತಂಗಿದ್ದರೆಂಬ ಐತಿಹ್ಯದಿಂದ ಈಗಿನ ಹೆಸರು ನಿಂತಿದೆ. ಒಂದು ಊರಿನ ಮೂರು ಹೆಸರುಗಳೇ ಪಾಠದ ಪೀಠಿಕೆಗೆ ಸಾಕಾದವು.

ನಾವು ಬರೆದುಕೊಂಡ ಕಲಿಕಾ ಉದ್ದೇಶಗಳು ನಾಲ್ಕು:

1. ನಕ್ಷೆಯಲ್ಲಿನ ದೂರ ಮತ್ತು ಎತ್ತರವನ್ನು ನಡೆಯುವ ವೇಳೆಗೆ ಪರಿವರ್ತಿಸುವುದು.
2. ಬಸ್ಸು, ರೈಲುಗಳ ವೇಳೆಯನ್ನು ಓದಿ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಬೇಕಾಗುವ ಬಿಡುವನ್ನು ಲೆಕ್ಕ ಹಾಕುವುದು.
3. ಖರ್ಚನ್ನು ಅಂದಾಜು ಮಾಡುವುದು.
4. ಗುಂಪಿನ ಎಲ್ಲರೂ ಪಾಲ್ಗೊಳ್ಳಬಹುದಾದ ಯೋಜನೆಯನ್ನು ಬರೆಯುವುದು.

ನಾಲ್ಕನೆಯದನ್ನು ನಾವು ಮೊದಲಿಗೆ ಬರೆದಿರಲಿಲ್ಲ. ಮಳವಳ್ಳಿಯ ಪಾಠದ ನಂತರ ಸೇರಿಸಿದ್ದು.

ಮೊದಲ ಪಾಠ: ಮಂಡ್ಯ

ಮಂಡ್ಯದ ಶಾಲೆಯಲ್ಲಿ ನಾನು ಎಲ್ಲವನ್ನೂ ಸಿದ್ಧಮಾಡಿಕೊಂಡು ಹೋದೆ. ಬಸ್ಸಿನ ವೇಳೆ, ರೈಲಿನ ವೇಳೆ, ಟಿಕೆಟ್ ದರ ಎಲ್ಲವನ್ನೂ ಊಹಿಸಿ ಬರೆದ ಒಂದು ಹಾಳೆಯನ್ನು ಪ್ರತಿ ಗುಂಪಿಗೂ ಹಂಚಿದೆ. ‘ಈ ಮಾಹಿತಿಯಿಂದ ಯೋಜನೆ ತಯಾರಿಸಿ’ ಎಂದೆ. ಇಪ್ಪತ್ತು ನಿಮಿಷದಲ್ಲಿ ಆರೂ ಗುಂಪುಗಳು ಮುಗಿಸಿದವು. ಆರೂ ಉತ್ತರ ಸರಿ, ಆರೂ ಒಂದೇ. ನನಗೆ ಸಂತೋಷವಾಯಿತು. ಪಾಠ ವೀಕ್ಷಣಾ ಪುಸ್ತಕದಲ್ಲಿ ನಮ್ಮ ಮೇಲ್ವಿಚಾರಕರು ಬರೆದದ್ದು ಎರಡೇ ವಾಕ್ಯ: ‘ಲೆಕ್ಕ ಸರಿಯಾಗಿದೆ. ಬೆಟ್ಟ ಎಲ್ಲಿದೆ?’

ಅವರ ಪ್ರಶ್ನೆಯ ಅರ್ಥ ಮಕ್ಕಳ ಹಾಳೆಗಳನ್ನು ಮತ್ತೆ ನೋಡಿದಾಗ ತಿಳಿಯಿತು. ಬಸ್ಸಿಗೆ 45 ನಿಮಿಷ ಎಂದು ನಾನು ಕೊಟ್ಟಿದ್ದೆ, ಬೆಟ್ಟ ಹತ್ತಲು ಅರ್ಧ ಗಂಟೆ ಎಂದೂ ನಾನೇ ಕೊಟ್ಟಿದ್ದೆ. ಅರ್ಧ ಗಂಟೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೊನೆಯಲ್ಲಿ ಒಬ್ಬ ಹುಡುಗ ಮಾತ್ರ, ‘ನಾನ್ ಹತ್ತಿದೀನಿ ಮಿಸ್, ಆ ಬಂಡೆ ಮೇಲೆ ಅಷ್ಟ್ ಬೇಗ ಆಗಲ್ಲ’ ಎಂದ. ಗಂಟೆ ಹೊಡೆದಿದ್ದರಿಂದ ‘ಆಮೇಲೆ ಮಾತಾಡೋಣ’ ಎಂದುಬಿಟ್ಟೆ. ಆ ಇಡೀ ಪಾಠದಲ್ಲಿ ಬೆಟ್ಟದ ಬಗ್ಗೆ ಬಂದ ನಿಜವಾದ ಮಾತು ಅದೊಂದೇ ಆಗಿತ್ತು.

ಅವನ ಮಾತಿನಿಂದಲೇ ಮೊದಲ ತಿದ್ದುಪಡಿ ಹುಟ್ಟಿತು. ನಡೆಯುವ ವೇಳೆಯನ್ನು ಲೆಕ್ಕ ಹಾಕಲು ಪರ್ವತಾರೋಹಿಗಳಲ್ಲಿ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬವರು 1892ರಲ್ಲಿ ಹೇಳಿದ್ದು. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಕೆಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಸುಮಾರಾಗಿ 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಉದಾಹರಣೆಗೆ, ದಾರಿ 2 ಕಿ.ಮೀ., ಏರಿಕೆ 150 ಮೀಟರ್ ಎಂದಿಟ್ಟುಕೊಂಡರೆ 24 ನಿಮಿಷ ಮತ್ತು 15 ನಿಮಿಷ, ಒಟ್ಟು 39 ನಿಮಿಷ. ಆದರೆ ಇದು ರೂಢಿಯಿದ್ದವರು, ಸರಾಗವಾದ ದಾರಿಯಲ್ಲಿ, ನಿಲ್ಲದೆ ನಡೆಯುವ ಲೆಕ್ಕ. ಮೂವತ್ತೈದು ಮಕ್ಕಳ ಗುಂಪು ಬಂಡೆಯ ಮೇಲೆ ಹೋಗುವಾಗ ಅತಿ ನಿಧಾನವಾಗಿ ನಡೆಯುವ ಮಗುವಿನ ವೇಗವೇ ಇಡೀ ಗುಂಪಿನ ವೇಗ. ಆದ್ದರಿಂದ ಸೂತ್ರದ ಉತ್ತರವನ್ನು ದುಪ್ಪಟ್ಟು ಮಾಡಬೇಕೆಂದು ನಾವು ನಿಯಮ ಮಾಡಿಕೊಂಡೆವು. ಇಳಿಯುವಾಗ ಬೇಗ ಆಗುತ್ತದೆ ಎಂದು ಮಕ್ಕಳು ಭಾವಿಸುತ್ತಾರೆ. ಇಳಿಜಾರಾದ ಬಂಡೆಯಲ್ಲಿ ಕಾಲು ಜಾರುವುದು ಇಳಿಯುವಾಗಲೇ ಹೆಚ್ಚು ಎಂಬುದನ್ನೂ ಚರ್ಚೆಗೆ ಸೇರಿಸಿದೆವು.

ಏರಿಕೆಯನ್ನು ತಿಳಿಯಲು ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ ಬೇಕು. ಅದರಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನು ಸಾಮಾನ್ಯವಾಗಿ 20 ಮೀಟರ್ ಅಂತರದಲ್ಲಿ ಎಳೆದಿರುತ್ತಾರೆ. ಬುಡದಿಂದ ತುದಿಯವರೆಗೆ ಎಷ್ಟು ಗೆರೆ ದಾಟುತ್ತೇವೆಂದು ಎಣಿಸಿ 20ರಿಂದ ಗುಣಿಸಿದರೆ ಏರಿಕೆ ಸಿಗುತ್ತದೆ. ಈ ರೇಖೆಗಳನ್ನು ಕಲಿಸಲು ಅತಿ ಅಗ್ಗದ ಬೋಧನೋಪಕರಣ ಆಲೂಗೆಡ್ಡೆ. ಅರ್ಧ ಮಾಡಿದ ಗೆಡ್ಡೆಯನ್ನು ಒಂದೇ ದಪ್ಪದ ಬಿಲ್ಲೆಗಳಾಗಿ ಅಡ್ಡಕ್ಕೆ ಕೊಯ್ದು, ಕೆಳಗಿನ ಬಿಲ್ಲೆಯಿಂದ ಆರಂಭಿಸಿ ಒಂದೊಂದರ ಸುತ್ತ ಪೆನ್ಸಿಲ್ ಎಳೆದರೆ, ಕಡಿದಾದ ಕಡೆ ಗೆರೆಗಳು ಒತ್ತಾಗಿ, ಸಪಾಟಾದ ಕಡೆ ಬಿಡಿಯಾಗಿ ಮೂಡುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಎರಡನೆಯ ಪಾಠ: ಮದ್ದೂರು

ಮದ್ದೂರಿನಲ್ಲಿ ಗೆಳತಿ ಊಹೆಯ ಹಾಳೆಯನ್ನು ಕೊಡಲಿಲ್ಲ. ಪಾಠದ ಹಿಂದಿನ ದಿನವೇ ಮಕ್ಕಳಿಗೆ ಮನೆಗೆಲಸ ಕೊಟ್ಟಳು: ಒಂದು ಗುಂಪು ರೈಲು ನಿಲ್ದಾಣಕ್ಕೆ, ಒಂದು ಗುಂಪು ಬಸ್ ನಿಲ್ದಾಣಕ್ಕೆ ಹೋಗಿ ವೇಳೆ, ದರ ಕೇಳಿಕೊಂಡು ಬರುವುದು. ಮರುದಿನ ತರಗತಿಯ ಕಳೆಯೇ ಬೇರೆಯಾಗಿತ್ತು. ಕೌಂಟರಿನಲ್ಲಿ ಬೈಸಿಕೊಂಡವರು, ಬೋರ್ಡಿನಲ್ಲಿದ್ದ 17:40 ಎಂದರೆ ಎಷ್ಟು ಗಂಟೆ ಎಂದು ಜಗಳವಾಡಿದವರು, ಎಲ್ಲರಿಗೂ ಹೇಳಲು ಒಂದೊಂದು ಮಾತಿತ್ತು.

ರೈಲಿನ ಗುಂಪು ಮೊದಲು ಗೆದ್ದಂತೆ ಕಂಡಿತು. ಮದ್ದೂರು, ಹನಕೆರೆ, ಮಂಡ್ಯ, ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ ಎಂದು ನಿಲ್ದಾಣಗಳನ್ನು ಸಾಲಾಗಿ ಹೇಳಿದರು. ಸಾಮಾನ್ಯ ದರ್ಜೆಯ ಟಿಕೆಟ್ ಬಸ್ಸಿಗಿಂತ ಅಗ್ಗ ಎಂದರು. ಎಲ್ಲ ರೈಲೂ ಎಲ್ಲ ನಿಲ್ದಾಣದಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಕೇಳಿಕೊಂಡು ಬಂದಿದ್ದರು. ಆಗ ಬಸ್ಸಿನ ಗುಂಪಿನ ಹುಡುಗಿಯೊಬ್ಬಳು, ‘ಸ್ಟೇಷನ್ನಿಂದ ಊರಿಗೆ ಎಷ್ಟು ದೂರ?’ ಎಂದು ಕೇಳಿದಳು. ಪಾಂಡವಪುರ ನಿಲ್ದಾಣ ಪಾಂಡವಪುರ ಪಟ್ಟಣದಲ್ಲಿಲ್ಲ, ಕೆಲವು ಕಿಲೋಮೀಟರ್ ಆಚೆ ಇದೆ. ಅಲ್ಲಿಂದ ಪಟ್ಟಣಕ್ಕೆ, ಪಟ್ಟಣದಿಂದ ಬೆಟ್ಟದ ಬುಡಕ್ಕೆ ಮತ್ತೆ ದಾರಿ ನೋಡಬೇಕು. ನಿಲ್ದಾಣಕ್ಕೆ ಊರಿನ ಹೆಸರಿದೆಯೆಂದರೆ ನಿಲ್ದಾಣ ಊರಲ್ಲೇ ಇದೆ ಎಂದಲ್ಲ. ನಕ್ಷೆಯ ಮುಂದೆ ಬೆರಳಿಟ್ಟು ಮಕ್ಕಳು ತಾವೇ ಕಂಡುಕೊಂಡ ಈ ಅಂಶವನ್ನು ನಾವು ಯಾವ ಹಾಳೆಯಲ್ಲೂ ಬರೆದಿರಲಿಲ್ಲ.

ಟಿಕೆಟ್ ದರದ ಲೆಕ್ಕ ಇನ್ನೊಂದು ದಿಕ್ಕಿಗೆ ತಿರುಗಿತು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ, ಗುರುತಿನ ಚೀಟಿ ಇರಬೇಕು ಅಷ್ಟೆ. ಹುಡುಗರಿಗೆ ಪೂರ್ತಿ ಟಿಕೆಟ್, ಏಕೆಂದರೆ ಅವರ ಬಸ್ ಪಾಸು ಮನೆ ಮತ್ತು ಶಾಲೆಯ ನಡುವಿನ ದಾರಿಗೆ ಮಾತ್ರ. ಹೀಗಾಗಿ ಹುಡುಗಿಯರಿಗೆ ಬಸ್ಸು ಲಾಭ, ಹುಡುಗರಿಗೆ ರೈಲು ಲಾಭ. ‘ಹಾಗಾದ್ರೆ ಅವರು ಬಸ್ಸಲ್ಲಿ ಬರ್ಲಿ, ನಾವು ರೈಲಲ್ಲಿ ಬರ್ತೀವಿ’ ಎಂದ ಒಬ್ಬ. ತರಗತಿ ನಕ್ಕಿತು. ಹುಡುಗಿಯೊಬ್ಬಳು, ‘ಎಲ್ಲರೂ ಬಸ್ಸಲ್ಲೇ ಹೋಗೋಣ, ಹುಡುಗರ ಟಿಕೆಟ್ ದುಡ್ಡನ್ನ ಎಲ್ಲರೂ ಹಂಚ್ಕೊಳ್ಳೋಣ’ ಎಂದಳು. ಅವಳ ಪಕ್ಕದವಳು ಒಪ್ಪಲಿಲ್ಲ: ‘ನಮಗೆ ಫ್ರೀ ಕೊಟ್ಟಿರೋದನ್ನ ನಾವ್ಯಾಕೆ ಹಂಚ್ಬೇಕು? ನಮ್ಮಪ್ಪ ನನ್ನ ಟ್ರಿಪ್ಪಿಗೆ ಕಳಿಸ್ತಿರೋದೇ ದುಡ್ಡಿಲ್ಲ ಅಂತ.’

ಗೆಳತಿ ಇಲ್ಲಿ ತೀರ್ಪು ಕೊಡಲಿಲ್ಲ. ಎರಡೂ ಮಾತನ್ನು ಕರಿಹಲಗೆಯ ಮೇಲೆ ಬರೆದು, ಪ್ರತಿ ಗುಂಪೂ ತನ್ನ ಆಯ್ಕೆಗೆ ಕಾರಣ ಬರೆಯಲಿ ಎಂದಳು. ವೀಕ್ಷಕಳಾಗಿ ನನಗೆ ಆಗ ಅದು ಸಮಯ ಕಳೆದಂತೆ ಅನಿಸಿತು. ಈಗ ಹಾಗನಿಸುವುದಿಲ್ಲ. ಸಾರ್ವಜನಿಕ ಸಾರಿಗೆ ಎಂಬ ಪಾಠದಲ್ಲಿ ‘ಸಾರ್ವಜನಿಕ’ ಎಂದರೆ ಯಾರು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತಿದ್ದರು.

ಮೂರನೆಯ ಪಾಠ: ಮಳವಳ್ಳಿ

ಮಳವಳ್ಳಿಗೆ ರೈಲಿಲ್ಲ. ಎಲ್ಲವೂ ಬಸ್ಸಿನ ಮೇಲೆ. ಮನೆಗೆಲಸ ಕೊಟ್ಟು, ನಕ್ಷೆ, ಆಲೂಗೆಡ್ಡೆ, ನಡಿಗೆಯ ಸೂತ್ರ ಎಲ್ಲವನ್ನೂ ಹೊತ್ತು ನಾನು ಧೈರ್ಯವಾಗಿ ಹೋದೆ. ಪಾಠ ಆರಂಭವಾಗುವ ಮೊದಲೇ ಒಬ್ಬ ಎದ್ದು ನಿಂತ: ‘ಕುಂತಿ ಬೆಟ್ಟ ಯಾಕ್ ಮಿಸ್? ಮಾದಪ್ಪನ ಬೆಟ್ಟಕ್ಕೆ ಹೋಗಣ.’ ಮಳವಳ್ಳಿಯ ಮಕ್ಕಳಿಗೆ ಬೆಟ್ಟವೆಂದರೆ ಮಲೆ ಮಹದೇಶ್ವರನ ಬೆಟ್ಟ. ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ ಎಂದು ದಾರಿಯ ಊರುಗಳನ್ನು ನನಗಿಂತ ಸರಾಗವಾಗಿ ಅವರು ಹೇಳಿದರು. ಶಿವರಾತ್ರಿಗೆ ಕಾಲ್ನಡಿಗೆಯಲ್ಲಿ ಹೋಗಿಬಂದವರು ಹಲವರ ಮನೆಯಲ್ಲಿದ್ದರು. ಅದನ್ನು ಪಕ್ಕಕ್ಕಿಡದೆ, ‘ಮನೆಯಲ್ಲಿ ಬೆಟ್ಟಕ್ಕೆ ನಡೆದುಹೋದವರಿದ್ದರೆ, ಹೇಗೆ ಸಿದ್ಧತೆ ಮಾಡಿಕೊಳ್ಳುತ್ತಿದ್ದರು ಎಂದು ಕೇಳಿಕೊಂಡು ಬನ್ನಿ’ ಎಂದು ಎರಡನೆಯ ಅವಧಿಗೆ ಕೆಲಸ ಕೊಟ್ಟೆ.

ಮೊದಲ ಅವಧಿಯಲ್ಲಿ ಗುಂಪುಗಳು ಕುಂತಿ ಬೆಟ್ಟದ ಯೋಜನೆ ಬರೆದವು. ಒಂದು ಗುಂಪಿನ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಮುಂದೆ ಎಲ್ಲರೂ ಸೇರುವುದು, ಮಂಡ್ಯದ ಮೂಲಕ ಪಾಂಡವಪುರ, ಅಲ್ಲಿಂದ ನಡಿಗೆ, ಏರಿಕೆಗೆ ದುಪ್ಪಟ್ಟು ವೇಳೆ, ಮೇಲೆ ಬುತ್ತಿ ಊಟ, ಸಂಜೆ ಏಳೂಕಾಲಿಗೆ ಮಳವಳ್ಳಿ ಬಸ್ ನಿಲ್ದಾಣ. ನಾನು ಅದನ್ನು ಹಲಗೆಯ ಮೇಲೆ ಬರೆಸಿ, ‘ಚೆನ್ನಾಗಿದೆ’ ಎಂದು ಚಪ್ಪಾಳೆ ಹೊಡೆಸಿದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಚಪ್ಪಾಳೆ ಹೊಡೆಯಲಿಲ್ಲ. ಏಕೆಂದು ಕೇಳಿದೆ. ‘ನಾನ್ ಬರಲ್ಲ ಮಿಸ್’ ಎಂದಳು. ಮತ್ತೆ ಕೇಳಿದ್ದಕ್ಕೆ, ‘ನಮ್ಮೂರ್ಗೆ ಅಷ್ಟೊತ್ಗೆ ಬಸ್ಸಿಲ್ಲ. ಆರೂವರೆ ನೈಟ್ ಹಾಲ್ಟ್ ಬಸ್ಸೇ ಲಾಸ್ಟು’ ಎಂದಳು. ತರಗತಿಯಲ್ಲಿದ್ದ 36 ಮಕ್ಕಳಲ್ಲಿ ಹೀಗೆ ಆರೂವರೆ ದಾಟಿದರೆ ಮನೆ ಸೇರಲಾಗದವರು ಎಷ್ಟು ಎಂದು ಕೈ ಎತ್ತಿಸಿದೆ. ಒಂಬತ್ತು ಕೈಗಳು ಎದ್ದವು. ಅವುಗಳಲ್ಲಿ ಎರಡು, ಹಲಗೆಯ ಮೇಲಿನ ಯೋಜನೆ ಬರೆದ ಗುಂಪಿನವೇ. ‘ಮತ್ತೆ ನೀವ್ಯಾಕೆ ಬರೆಯುವಾಗ ಹೇಳಲಿಲ್ಲ?’ ಎಂದೆ. ‘ಪ್ರಶ್ನೆ ಸ್ಕೂಲಿಂದ ಸ್ಕೂಲಿಗೆ ಅಂತ ಇತ್ತಲ್ಲ ಮಿಸ್’ ಎಂದ ಒಬ್ಬ.

ಅವನ ಮಾತು ಸರಿಯಾಗಿತ್ತು. ತಪ್ಪು ಪ್ರಶ್ನೆಯಲ್ಲೇ ಇತ್ತು. ಮಂಡ್ಯದಲ್ಲಿ, ಮದ್ದೂರಿನಲ್ಲಿ ಈ ತಪ್ಪು ಕಾಣಲಿಲ್ಲ, ಏಕೆಂದರೆ ಅಲ್ಲಿನ ಹೆಚ್ಚಿನ ಮಕ್ಕಳು ಶಾಲೆಯಿಂದ ನಡೆದು ಮನೆ ಸೇರುವವರು. ನಾನು ಮದ್ದೂರಿನವಳು. ಒಂದು ರೈಲು ತಪ್ಪಿದರೆ ಇನ್ನೊಂದು, ಅದೂ ತಪ್ಪಿದರೆ ಬಸ್ಸು. ಕೊನೆಯ ಬಸ್ಸು ಎಂಬುದು ನನ್ನ ದಿನಚರಿಯಲ್ಲಿ ಇಲ್ಲವಾದ್ದರಿಂದ ನನ್ನ ಪಾಠಟಿಪ್ಪಣಿಯಲ್ಲೂ ಇರಲಿಲ್ಲ.

ಹಿಂದಿನಿಂದ ಬರೆದ ಯೋಜನೆ

ಎರಡನೆಯ ಅವಧಿಗೆ ಬರುವ ಹೊತ್ತಿಗೆ ಪಾಠವನ್ನು ತಲೆಕೆಳಗು ಮಾಡಿದ್ದೆ. ಹಲಗೆಯ ಕೆಳತುದಿಯಲ್ಲಿ ಮೊದಲು ‘6:30, ಊರಿನ ಕೊನೆಯ ಬಸ್ಸು’ ಎಂದು ಬರೆದು, ಒಂದೊಂದೇ ಸಾಲು ಮೇಲಕ್ಕೆ ಏರುತ್ತ ಹೋದೆವು. ಕೆಳಗಿನ ವೇಳೆಗಳು ತರಗತಿಯ ಅಭ್ಯಾಸಕ್ಕೆ ಇಟ್ಟುಕೊಂಡವು. ಯಾರೂ ಇವನ್ನೇ ನಂಬಿ ಹೊರಡಬಾರದು, ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಬೇಕು.

ಸಂಜೆ 6:30 – ಮಳವಳ್ಳಿಯಿಂದ ಹಳ್ಳಿಯ ಕೊನೆಯ ಬಸ್ಸು
6:00 – ಮಳವಳ್ಳಿ ತಲಪುವುದು (ಅರ್ಧ ಗಂಟೆ ಬಿಡುವು)
4:45 – ಮಂಡ್ಯ ಬಿಡುವುದು
4:15 – ಮಂಡ್ಯ ತಲಪುವುದು (ಅರ್ಧ ಗಂಟೆ ಬಿಡುವು)
3:30 – ಪಾಂಡವಪುರ ಬಿಡುವುದು
3:00 – ಪಾಂಡವಪುರ ಬಸ್ ನಿಲ್ದಾಣಕ್ಕೆ ನಡೆದು ಸೇರುವುದು
2:15 – ಬೆಟ್ಟದ ಬುಡ ಬಿಡುವುದು
1:30 – ಮೇಲಿನಿಂದ ಇಳಿಯಲಾರಂಭಿಸುವುದು
12:45 – ಮೇಲೆ ತಲಪುವುದು, ಊಟ
11:30 – ಬುಡದಿಂದ ಹತ್ತಲಾರಂಭಿಸುವುದು
10:45 – ಪಾಂಡವಪುರ ತಲಪುವುದು
10:00 – ಮಂಡ್ಯ ಬಿಡುವುದು
9:45 – ಮಂಡ್ಯ ತಲಪುವುದು
8:30 – ಮಳವಳ್ಳಿ ಬಿಡುವುದು
8:15 – ಹಳ್ಳಿಯ ಬಸ್ಸು ಮಳವಳ್ಳಿಗೆ ಬರಬೇಕಾದ ಗಡುವು

ಮಕ್ಕಳು ಈ ಪಟ್ಟಿಯಿಂದ ಕಂಡುಕೊಂಡದ್ದನ್ನು ಹಾಗೇ ಬರೆಯುತ್ತೇನೆ. ಒಂದು, ಮಳವಳ್ಳಿಯಿಂದ ಮಳವಳ್ಳಿಗೆ ಒಂಬತ್ತೂವರೆ ಗಂಟೆ, ಅದರಲ್ಲಿ ಬೆಟ್ಟಕ್ಕೆ ಸಿಗುವುದು ಎರಡೂಮುಕ್ಕಾಲು ಗಂಟೆ. ಎರಡು, ಹತ್ತುವ ಹೊತ್ತು ಸರಿಯಾಗಿ ನಡುಮಧ್ಯಾಹ್ನ. ಮಂಡ್ಯದ ಮಕ್ಕಳು ಬೆಳಗಿನ ತಂಪಿನಲ್ಲಿ ಹತ್ತಿ ಇಳಿಯಬಹುದು, ಮಳವಳ್ಳಿಯವರು ಬಿಸಿಲಲ್ಲೇ ಹತ್ತಬೇಕು. ಆದ್ದರಿಂದ ಅವರಿಗೆ ಡಿಸೆಂಬರ್, ಜನವರಿಯೇ ತಕ್ಕ ಕಾಲ, ನೀರು ಹೆಚ್ಚು ಒಯ್ಯಬೇಕು. ಮಳೆಗಾಲದಲ್ಲಿ ಬಂಡೆ ಜಾರುವುದರಿಂದ ಹೇಗೂ ಬೇಡ. ಮೂರು, ದಾರಿಯಲ್ಲಿ ತಡವಾದರೆ ಎಲ್ಲಿ ಕಡಿತ ಮಾಡಬಹುದು? ಬಸ್ಸಿನ ವೇಳೆ ನಮ್ಮ ಕೈಯಲ್ಲಿಲ್ಲ, ಬಿಡುವಿನ ವೇಳೆ ಮುಟ್ಟಬಾರದು. ಉಳಿದದ್ದು ಬೆಟ್ಟ. ಹಾಗಾಗಿ ‘ಒಂದೂವರೆ ಆದರೆ ತುದಿ ಮುಟ್ಟದಿದ್ದರೂ ಇಳಿಯುವುದು’ ಎಂದು ಒಂದು ಗುಂಪು ನಿಯಮ ಬರೆಯಿತು. ಅನುಭವಿ ಚಾರಣಿಗರು ಪಾಲಿಸುವ ಮರಳುವ ಗಡುವನ್ನು ಆ ಮಕ್ಕಳು ಯಾವ ಪುಸ್ತಕವನ್ನೂ ಓದದೆ ಬರೆದಿದ್ದರು.

ಹೋಲಿಕೆಗೆಂದು ಸ್ವಿಟ್ಜರ್ಲೆಂಡಿನ ಉದಾಹರಣೆ ಹೇಳಿದೆ. ಅಲ್ಲಿ 1982ರಿಂದ ದೇಶದಾದ್ಯಂತ ರೈಲುಗಳನ್ನು ನಿಗದಿತ ಅಂತರದಲ್ಲಿ, ಬಹುಪಾಲು ಗಂಟೆಗೊಂದರಂತೆ ಓಡಿಸುತ್ತಾರೆ, ಹಳ್ಳಿಯ ಬಸ್ಸನ್ನು ರೈಲಿಗೆ ಹೊಂದಿಸಿರುತ್ತಾರೆ. ಬೆಟ್ಟದ ಕಾಲುದಾರಿಯ ಹಳದಿ ಫಲಕಗಳು ದೂರವನ್ನಲ್ಲ, ನಡೆಯಲು ಬೇಕಾದ ವೇಳೆಯನ್ನು ತೋರಿಸುತ್ತವೆ. ‘ಅಲ್ಲಿ ಬಸ್ ತಪ್ಪಿದ್ರೆ ಒಂದ್ ಗಂಟೆ ಹೋಯ್ತದೆ, ಇಲ್ಲಿ ತಪ್ಪಿದ್ರೆ ಒಂದ್ ರಾತ್ರಿ ಹೋಯ್ತದೆ’ ಎಂದ ಒಬ್ಬ ಹುಡುಗ. ಎರಡು ಸಾರಿಗೆ ವ್ಯವಸ್ಥೆಗಳ ವ್ಯತ್ಯಾಸವನ್ನು ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮಾದಪ್ಪನ ಬೆಟ್ಟದ ಮನೆಗೆಲಸವೂ ಅಂದೇ ಬಂದಿತ್ತು. ಒಬ್ಬಳ ಅಜ್ಜಿ ಹೇಳಿ ಕಳಿಸಿದ ಮಾತು: ‘ಹೋಗೋ ದಾರಿನಲ್ಲ ಕಣವ್ವ ಮೊದ್ಲು ನೋಡೋದು. ಕತ್ಲಾಗೋ ಹೊತ್ಗೆ ಎಲ್ಲಿ ಇಳ್ಕತೀವಿ, ಅಲ್ಲಿ ನೀರದಾ ಅಂತ ನೋಡ್ಕಬೇಕು.’ ನಡೆದುಹೋಗುವ ಹಿರಿಯರು ದಿನವನ್ನು ತಂಗುವ ಜಾಗದಿಂದ ಹಿಂದಕ್ಕೆ ಎಣಿಸುತ್ತಿದ್ದರು. ನಾನು ಎರಡು ಶಾಲೆಗಳಲ್ಲಿ ಎಡವಿ ಕಂಡುಕೊಂಡ ಕ್ರಮ ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅದೇ ಕ್ರಮದಲ್ಲಿ ಮಹದೇಶ್ವರ ಬೆಟ್ಟಕ್ಕೂ ಪಟ್ಟಿ ಮಾಡಿ ನೋಡಿದ ಗುಂಪು, ‘ಬಸ್ಸಲ್ಲಿ ದರ್ಶನ ಮಾಡಿ ಬರಬಹುದು, ನಡೆದು ಹತ್ತಬೇಕಾದರೆ ಒಂದು ರಾತ್ರಿ ಉಳಿಯಬೇಕು’ ಎಂದು ತೀರ್ಮಾನಿಸಿತು.

ತಿದ್ದಿದ ಪಾಠ ಯೋಜನೆ

ಈಗ ನಾವು ಸೂಚಿಸುವ ಪಾಠಕ್ಕೆ 40 ನಿಮಿಷದ ಎರಡು ಅವಧಿ ಬೇಕು. 5ಇ ಮಾದರಿಯ ಹಂತಗಳು ಹೀಗೆ:

ತೊಡಗಿಸಿಕೊಳ್ಳುವಿಕೆ: ಬಸ್ಸು ತಪ್ಪಿಸಿಕೊಂಡ ಒಂದು ದಿನದ ಬಗ್ಗೆ ಮಕ್ಕಳಿಂದ ಕೇಳುವುದು. ಪ್ರತಿಯೊಬ್ಬರೂ ತಮ್ಮ ಊರಿನ ಮೊದಲ ಮತ್ತು ಕೊನೆಯ ಬಸ್ಸಿನ ವೇಳೆಯನ್ನು ಹಲಗೆಯ ಮೇಲೆ ಬರೆಯುವುದು.

ಅನ್ವೇಷಣೆ: ಗುಂಪುಗಳು ತಾವೇ ಸಂಗ್ರಹಿಸಿದ ಮಾಹಿತಿಯನ್ನು ಜೋಡಿಸುವುದು. ಆಲೂಗೆಡ್ಡೆಯಿಂದ ಸಮೋನ್ನತಿ ರೇಖೆ ಎಳೆಯುವುದು.

ವಿವರಣೆ: ನಡಿಗೆಯ ಸೂತ್ರ, ಬಿಡುವಿನ ವೇಳೆ, ಹಿಂದಿನಿಂದ ಬರೆಯುವ ಕ್ರಮ.

ವಿಸ್ತರಣೆ: ಅದೇ ಬೆಟ್ಟಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯಿಂದ ಯೋಜನೆ ಬರೆದು ಹೋಲಿಸುವುದು. ಖರ್ಚನ್ನು ಯಾರು, ಹೇಗೆ ಹೊರಬೇಕೆಂಬ ಚರ್ಚೆ. ಇಲ್ಲಿ ಶಿಕ್ಷಕರು ತೀರ್ಪು ಕೊಡಬಾರದು.

ಮೌಲ್ಯಮಾಪನ: ಯೋಜನೆಯನ್ನು ಬರೆದ ಗುಂಪು ಬಿಟ್ಟು ಬೇರೆ ಗುಂಪು ಪರಿಶೀಲಿಸುವುದು. ಪ್ರಶ್ನೆಗಳು ಮೂರು: ಕೊನೆಯಲ್ಲಿ ಮನೆ ಸೇರುವವರು ಯಾರು, ಎಷ್ಟು ಹೊತ್ತಿಗೆ? ಒಂದು ಬಸ್ಸು ತಪ್ಪಿದರೆ ಏನು ಮಾಡುತ್ತೀರಿ? ಈ ವೇಳೆಯನ್ನು ಯಾರು ಹೇಳಿದರು, ಯಾವ ದಿನಕ್ಕೆ?

‘ಯಾವ ದಿನಕ್ಕೆ’ ಎಂಬ ಮಾತು ಪಟ್ಟಿಗೆ ಸೇರಿದ್ದು ಕೊನೆಯಲ್ಲಿ. ಅದರ ಕತೆಯನ್ನು ಮುಂದೆ ಹೇಳುತ್ತೇನೆ.

ಪಾಠ ಯೋಜನೆಯನ್ನೂ ಕೊನೆಯಿಂದಲೇ ಬರೆಯಬೇಕೆಂದು ವಿಗ್ಗಿನ್ಸ್ ಮತ್ತು ಮೆಕ್‌ಟೈ ತಮ್ಮ 1998ರ ಪುಸ್ತಕದಲ್ಲಿ ಹೇಳಿದ್ದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಮಗು ಕೊನೆಗೆ ಏನನ್ನು ಮಾಡಬಲ್ಲದಾಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಚಟುವಟಿಕೆಗಳಿಗೆ ಬರಬೇಕು ಎಂಬುದು ಅದರ ಸಾರ. ನಾನು ಆ ಉತ್ತರ ಬರೆದು ಅಂಕ ಪಡೆದಿದ್ದೆ, ನನ್ನ ಪಾಠವನ್ನು ಮಾತ್ರ ಕೈಯಲ್ಲಿದ್ದ ಹಾಳೆಯಿಂದ ಆರಂಭಿಸಿದ್ದೆ.

ಯೋಜನೆಯ ಪರೀಕ್ಷೆ

ಮಕ್ಕಳನ್ನು ಕರೆದೊಯ್ಯುವ ಅಧಿಕಾರ ಪ್ರಶಿಕ್ಷಣಾರ್ಥಿಗಳಿಗಿಲ್ಲ. ಅದಕ್ಕೆ ಶಿಕ್ಷಣ ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಬೇಕು. ಬೆಟ್ಟ ಹತ್ತುವ ನಿಯಮಗಳನ್ನು ಅರಣ್ಯ ಇಲಾಖೆಯವರಲ್ಲಿ ಮೊದಲೇ ವಿಚಾರಿಸಬೇಕು. ಆದರೆ ಯೋಜನೆ ನಿಲ್ಲುತ್ತದೆಯೇ ಎಂದು ನಾವು ಪರೀಕ್ಷಿಸಬಹುದಿತ್ತು. ಒಂದು ಭಾನುವಾರ ನಾವು ಮೂವರೂ ಮಳವಳ್ಳಿಯ ಮಕ್ಕಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಂಟೂವರೆಗೆ ಮಳವಳ್ಳಿ ಬಿಟ್ಟೆವು.

ಪಾಂಡವಪುರದವರೆಗೆ ಪಟ್ಟಿಯಂತೆಯೇ ನಡೆಯಿತು. ಬೆಟ್ಟದಲ್ಲಿ ಬಂಡೆಗಳ ನಡುವೆ ಎರಡು ಸಲ ದಾರಿ ತಪ್ಪಿ, ಒಂದೂಕಾಲು ಗಂಟೆಯ ಏರಿಕೆಗೆ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಮೇಲೆ ಗಾಳಿ, ಕೆಳಗೆ ಗದ್ದೆಗಳ ಹಸಿರು, ಅಲ್ಲಲ್ಲಿ ಹೊಳೆಯುವ ನೀರು. ಇನ್ನೂ ಕುಳಿತಿರಬೇಕೆನಿಸಿತು. ಆದರೆ ಒಂದೂವರೆಯ ನಿಯಮ ನೆನಪಾಗಿ ಇಪ್ಪತ್ತು ನಿಮಿಷದಲ್ಲಿ ಬುತ್ತಿ ಮುಗಿಸಿ ಎದ್ದೆವು. ಮಕ್ಕಳು ಬರೆದ ನಿಯಮ ನಮ್ಮನ್ನು ಆರು ಗಂಟೆಗೆ ಸರಿಯಾಗಿ ಮಳವಳ್ಳಿಗೆ ತಲಪಿಸಿತು.

ನಿಲ್ದಾಣದಲ್ಲಿ ಆ ಹುಡುಗಿಯ ಊರಿನ ಬಸ್ಸು ನಿಂತಿತ್ತು. ಪಟ್ಟಿಯ ಮೊದಲ ಸಾಲನ್ನೂ ಖಚಿತಪಡಿಸಿಕೊಳ್ಳೋಣವೆಂದು ಕಂಡಕ್ಟರರನ್ನು ಕೇಳಿದೆ: ‘ಬೆಳಿಗ್ಗೆ ಏಳೂವರೆಗೆ ಅಲ್ಲಿಂದ ಹೊರಡೋ ಬಸ್ಸು ಎಂಟೂಕಾಲಿಗೆ ಇಲ್ಲಿರುತ್ತಲ್ವಾ ಅಣ್ಣ?’ ಅವರು ನಕ್ಕರು. ‘ಅದು ಸ್ಕೂಲ್ ಮಕ್ಕಳ ಟ್ರಿಪ್ಪು ಕಣಮ್ಮ. ಭಾನುವಾರ ಇರಲ್ಲ.’ ಮಕ್ಕಳು ಕೇಳಿಕೊಂಡು ಬಂದದ್ದು ಶಾಲೆಯ ದಿನದ ವೇಳೆ. ಯಾವ ದಿನಕ್ಕೆ ಕೇಳಬೇಕೆಂದು ನಾನು ಹೇಳಿರಲಿಲ್ಲ. ರಜೆಯ ದಿನ ಹೊರಟಿದ್ದರೆ ಸಂಜೆಯ ಬಸ್ಸು ಅವಳಿಗೆ ಸಿಗುತ್ತಿತ್ತು, ಬೆಳಗಿನದೇ ಸಿಗುತ್ತಿರಲಿಲ್ಲ.

ಸೋಮವಾರ ತರಗತಿಯಲ್ಲಿ ಇದನ್ನು ಹೇಳಿದೆ. ನನ್ನ ತಪ್ಪು ಎಂದೂ ಹೇಳಿದೆ. ಪಟ್ಟಿಯ ಮೇಲಿನ ಸಾಲನ್ನು ಅಳಿಸಿ, ‘ಈಗ ಏನು ಮಾಡೋಣ?’ ಎಂದು ಕೇಳಿದೆ. ಈ ಬಾರಿ ಹಿಂದಿನ ಸಾಲಿನ ಹುಡುಗಿಯೇ ಮೊದಲು ಎದ್ದಳು. ‘ಆರು ಗಂಟೆ ಬಸ್ಸಿಗೆ ಬತ್ತೀನಿ ಮಿಸ್’ ಎಂದಳು. ‘ಅದು ಭಾನುವಾರ ಇರುತ್ತಾ? ಕೇಳಿದ್ದೀಯಾ?’

‘ಕೇಳದೇನ್ ಮಿಸ್, ಅದೇ ನೈಟ್ ಹಾಲ್ಟ್ ಬಸ್ಸು. ರಾತ್ರಿ ಬಂದದ್ದು ಬೆಳಿಗ್ಗೆ ಹೋಗ್ಲೇಬೇಕಲ್ಲ. ಅದು ನಮ್ಮೂರಲ್ಲೇ ಮಲ್ಗಿರ್ತದೆ.’

ಹಲಗೆಯ ಮೇಲಿನ ಖಾಲಿ ಸಾಲಿನಲ್ಲಿ ಅವಳೇ ಬಂದು ಬರೆದಳು: 6:00 – ನಮ್ಮೂರು.